‘ಹೋಯ್ತೀವಿ’ ಎನ್ನಬೇಕಾದ ತಿಟ್ಟು

ನಮ್ಮ ಅಬ್ಬಾ ರಸೂಲ್ ಸಾಬರು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದರು ಎಂದು ನಾನು ನಂಬಿದ್ದೇನೆ. ಮಗಳಾದವಳು ಹಾಗೆ ನಂಬುವುದು ಸಹಜ. ಆ ಸುಳ್ಳು ಒಂದೇ ಮಾತಿನದು. ಅದರ ಭಾರವನ್ನು ಮೂವತ್ತೊಂದು ವರ್ಷ ಹೊತ್ತವಳು ನಮ್ಮ ಸಂಬಂಧಿಯಲ್ಲ, ನಮ್ಮ ಜಾತಿಯವಳಲ್ಲ, ನಮ್ಮ ಊರಿನವಳೂ ಅಲ್ಲ. ಕಾವೇರಿ ದಡದ ಹೊಳೆದೊಡ್ಡಿಯಲ್ಲಿ ಹರಿಗೋಲು ಹಾಕುತ್ತಿದ್ದ ಕೆಂಚಮ್ಮ ಅವಳು. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿದ ನಾನು ಮಕ್ಕಳಿಂದ ದೊಡ್ಡ ದೊಡ್ಡವರ ಮೇಲೆ ಪ್ರಬಂಧ ಬರೆಸಿ ಬರೆಸಿ ಬೇಸತ್ತಿದ್ದೇನೆ. ಕೆಂಚಮ್ಮನ ಬಗ್ಗೆ ಯಾರೂ ಬರೆಯಲಿಲ್ಲ. ಆದ್ದರಿಂದ ನಾನೇ ಕೂತಿದ್ದೇನೆ.

ಅಬ್ಬಾ ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡುತ್ತಿದ್ದರು. ಆಲೆ ಮರದ ತುಂಡನ್ನು ತಿರುಗುವ ಚಕ್ರಕ್ಕೆ ಸಿಕ್ಕಿಸಿ, ಉಳಿಯಿಂದ ಕೆತ್ತಿ, ಅರಗಿನ ಬಣ್ಣ ಒತ್ತಿ, ಬುಗುರಿ, ಗಿಲಕಿ, ಬಳೆ ಮಾಡುವುದು ಅವರ ಕೆಲಸ. ಮರ ಕೊಳ್ಳಲು ಕನಕಪುರದ ಕಡೆ ಹೋಗಿದ್ದಾಗ ಯಾರೋ ಅವರಿಗೆ ಅಂಕಮ್ಮನ ತಿಟ್ಟಿನ ಸುದ್ದಿ ಹೇಳಿದರು. ಹೊಳೆಯ ನಡುವೆ ಒಂದು ಸಣ್ಣ ನಡುಗಡ್ಡೆ, ಸುತ್ತಿ ಬರಲು ಅರ್ಧ ಗಂಟೆ ಸಾಕು, ಮನುಷ್ಯರಿಲ್ಲ. ಅಬ್ಬಾ ಒಂದು ಸಲ ನೋಡಿಕೊಂಡು ಬಂದವರು ಅಮ್ಮಿಯನ್ನೂ ನನ್ನನ್ನೂ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದರು. ವರ್ಷವಿಡೀ ಮರದ ಹೊಟ್ಟು ಕುಡಿದ ಎದೆಗೆ ಮೂರು ದಿನ ಹೊಳೆಯ ಗಾಳಿ ಬೇಕು ಅಂದರು.

ನಮ್ಮ ಬೀದಿಯಲ್ಲಿ ಇದು ದೊಡ್ಡ ನಗೆಪಾಟಲಾಯಿತು. ಆ ಕಾಲದಲ್ಲಿ ಊರು ಬಿಡುವುದೆಂದರೆ ಮದುವೆಗೆ, ಉರುಸಿಗೆ, ಇಲ್ಲವೇ ಸಾವಿಗೆ. ಯಾರೂ ಇಲ್ಲದ ಜಾಗಕ್ಕೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಸುಮ್ಮನೆ ಹೋಗಿ ಬರುವವರನ್ನು ಯಾರೂ ಕಂಡಿರಲಿಲ್ಲ. ಅಮ್ಮಿಗೆ ನಾಚಿಕೆಯಾಗಿ, ಪಕ್ಕದ ಮನೆಯವರಿಗೆ ದರ್ಗಾಕ್ಕೆ ಹೋಗುತ್ತಿದ್ದೇವೆ ಎಂದು ಹೇಳಿಬಿಟ್ಟಳು. ಅಮ್ಮಿಯ ಸುಳ್ಳುಗಳನ್ನು ನಾನು ಎಣಿಸಿಲ್ಲ.

ಹೀಗೆ ೧೯೬೪ರಿಂದ ಮೂರು ಬೇಸಿಗೆ ಹೋದೆವು. ಚನ್ನಪಟ್ಟಣದಿಂದ ಸಾತನೂರಿಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ, ಕೊನೆಗೆ ಕೆಂಚಮ್ಮನ ತೊಗಲಿನ ಹರಿಗೋಲು. ಆಗ ಅವಳಿಗೆ ಮೂವತ್ತೈದರ ಆಸುಪಾಸು. ಕೂಟಗಲ್ಲಿನ ಕಡೆ ಮದುವೆ ಮಾಡಿ ಕೊಟ್ಟಿದ್ದರಂತೆ. ಒಂದು ವರ್ಷಕ್ಕೇ ಗಂಡ ಹಾವು ಕಚ್ಚಿ ಸತ್ತ. ತವರಿಗೆ ಬಂದವಳು ಅಪ್ಪ ಸಿದ್ದಯ್ಯನ ಕೈಯಿಂದ ಹುಟ್ಟು ಇಸಕೊಂಡಳು, ಮತ್ತೆ ಇಳಿಸಲಿಲ್ಲ. ಗಂಡಸರ ಪಂಚೆಯಂತೆ ಸೀರೆ ಎತ್ತಿ ಕಟ್ಟಿ, ಎಲೆ ಅಡಿಕೆ ಜಗಿಯುತ್ತ, ಹರಿಗೋಲನ್ನು ಒಂದು ಕೈಯಲ್ಲಿ ತಿರುಗಿಸುತ್ತಿದ್ದಳು. ನನ್ನನ್ನು ಕಂಡರೆ ಕಿಚಾಯಿಸದೆ ಬಿಡುತ್ತಿರಲಿಲ್ಲ.

“ಏನವ್ವ ಮುನ್ನೀ, ನಿಮ್ಮಪ್ಪ ನಿನ್ನೂ ಚಕ್ರಕ್ಕೆ ಸಿಕ್ಕಿಸಿ ಕೆತ್ತವ್ರೋ ಏನೋ, ಹಿಂಗೆ ಗುಂಡಗಿದ್ದೀಯಲ್ಲ” ಅನ್ನುತ್ತಿದ್ದಳು.

ತಿಟ್ಟಿನ ಅಂಚಿನಲ್ಲಿ ಹೊಳೆಮತ್ತಿ ಮರಗಳು ನೀರಿಗೆ ಬಾಗಿದ್ದವು. ಬೆಳಗಾದರೆ ನೀರುನಾಯಿಗಳು ಮರಿಗಳನ್ನು ಕಟ್ಟಿಕೊಂಡು ಬಂಡೆ ಹತ್ತುತ್ತಿದ್ದವು. ಎದುರು ದಂಡೆಯ ಮರಳಿನಲ್ಲಿ ಬಾಯಿ ತೆರೆದು ಮಲಗಿದ ಮೊಸಳೆಯನ್ನು ತೋರಿಸಿ ಅಬ್ಬಾ ನನಗೆ ಅನ್ನ ಉಣ್ಣಿಸುತ್ತಿದ್ದರು. ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರಿದರೆ ಅಮ್ಮಿ ಸೆರಗು ತಲೆ ಮೇಲೆ ಎಳೆದುಕೊಳ್ಳುತ್ತಿದ್ದಳು, ಅಳಿಲಿಗೂ ಮುಖ ತೋರಿಸಬಾರದು ಎನ್ನುವಂತೆ. ಅಬ್ಬಾ ಮರಳಲ್ಲಿ ಅಂಗಾತ ಬಿದ್ದು ಏನೂ ಮಾಡದೆ ಇರುತ್ತಿದ್ದರು. ನಮ್ಮ ಅಬ್ಬಾನನ್ನು ಹಾಗೆ ನೋಡಿದ್ದು ಆ ಮೂರು ಬೇಸಿಗೆಗಳಲ್ಲಿ ಮಾತ್ರ.

ಆದರೆ ತಿಟ್ಟಿನ ಮೇಲ್ಭಾಗಕ್ಕೆ ಒಂದು ನೀರುನಾಯಿಯೂ ಹತ್ತುತ್ತಿರಲಿಲ್ಲ, ಒಂದು ಅಳಿಲೂ ಸುಳಿಯುತ್ತಿರಲಿಲ್ಲ. ಅಲ್ಲಿ ಸಾಲಾಗಿ ನೆಟ್ಟ ಹಾಗೆ ಏಳು ಮುದಿ ಹುಣಸೆ ಮರಗಳಿದ್ದವು. ನೀರಿನಿಂದ ಅಲ್ಲಿಯವರೆಗೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು, ಕಾಲು ಸವೆದು ನಡುವೆ ತಗ್ಗಾಗಿದ್ದವು. ಮೆಟ್ಟಿಲು ಮುಗಿದಲ್ಲಿ ಒಂದು ಮಾಸ್ತಿಕಲ್ಲು. ಕಲ್ಲಿನ ಕಂಬದಿಂದ ಒಂದು ಹೆಣ್ಣಿನ ತೋಳು ಚಾಚಿ ಮೊಣಕೈಯಲ್ಲಿ ಮಡಿಚಿ ಮೇಲೆದ್ದಿತ್ತು, ಮಣಿಕಟ್ಟಿನ ತುಂಬ ಬಳೆ. ಮುಖವಿಲ್ಲ, ಮೈಯಿಲ್ಲ, ಕೈ ಮಾತ್ರ. ಅದರ ಬುಡದ ಬಂಡೆಯಲ್ಲಿ ಒಂದು ಒರಳಿನ ಗುಂಡಿ. ಹುಣಸೆ ಎಲೆ ಸುತ್ತಲೂ ಮೊಣಕಾಲುದ್ದ ಬಿದ್ದಿದ್ದರೂ ಗುಂಡಿಯೊಳಗೆ ಒಂದು ಎಲೆ ಇರುತ್ತಿರಲಿಲ್ಲ. ಈಗ ತಾನೇ ಯಾರೋ ಒರೆಸಿಟ್ಟ ಹಾಗೆ ಇರುತ್ತಿತ್ತು. ಅಬ್ಬಾ ಮೊದಲ ವರ್ಷವೇ ಅದನ್ನು ಗಮನಿಸಿ, ಗಾಳಿ ಸುಳಿ ತಿರುಗುತ್ತದೆ, ಅದಕ್ಕೇ ಹಾಗೆ, ಎಂದು ಅಮ್ಮಿಗೆ ವಿವರಿಸಿದರು. ಅಮ್ಮಿ ಕೇಳಿಸಿಕೊಂಡು, ಒಲೆಯನ್ನು ಅಲ್ಲಿಂದ ಎತ್ತಿ ನೀರಿನ ಬದಿಗೆ ಹೂಡಿದಳು.

ಅಂಕಮ್ಮನ ಕತೆಯನ್ನು ಕೆಂಚಮ್ಮ ಹೇಳಿದ್ದು ಹೀಗೆ. ಪಾಳೇಗಾರರ ಕಾಲದಲ್ಲಿ ದಂಡು ಬಂದಾಗ ಒಬ್ಬ ಒಡೆಯ ತನ್ನ ಕಡೆಯ ಹೆಂಗಸರು ಮಕ್ಕಳು ಮೂವತ್ತು ಜನರನ್ನು ತಿಟ್ಟಿಗೆ ಸಾಗಿಸಿದ. ಅವರಿಗೆಲ್ಲ ಹಿರಿಯಳಾಗಿ ಅಂಕಮ್ಮನೆಂಬ ಮುದುಕಿಯನ್ನು ಇಟ್ಟ. ಶತ್ರುಗಳು ದಾಟಬಾರದೆಂದು ಇದ್ದ ಹರಿಗೋಲುಗಳನ್ನೆಲ್ಲ ಜೊತೆಗೆ ಒಯ್ದ. ಹೊರಡುವಾಗ ಮರ್ಯಾದೆಯಾಗಿ “ಬತ್ತೀನಿ ಕಣವ್ವ” ಅಂದ. ಬರಲಿಲ್ಲ. ಆಷಾಢದಲ್ಲಿ ಹೊಳೆ ಏರಿತು. ರಾಗಿ ಮುಗಿಯಿತು. ರಾಗಿ ಮುಗಿದ ಮೇಲೂ ಅಂಕಮ್ಮ ಮಧ್ಯಾಹ್ನವಾದರೆ ಬರಿ ಒರಳಲ್ಲಿ ಕುಟ್ಟುತ್ತಿದ್ದಳಂತೆ, ಅಡುಗೆ ಆಗುತ್ತಿದೆ ಅಂತ ಮಕ್ಕಳು ಸುಮ್ಮನಿರಲಿ ಎಂದು. ದಡದಲ್ಲಿದ್ದವರಿಗೆ ಆ ಕುಟ್ಟುವ ಸದ್ದು, ಬಳೆ ಸದ್ದು, ಬಹಳ ದಿನ ಕೇಳುತ್ತಿತ್ತಂತೆ. ಆಮೇಲೆ ಬಳೆ ಸದ್ದು ಮಾತ್ರ.

“ಅದಕ್ಕೇ ಆ ತಿಟ್ಟಿನಾಗೆ ಆ ಮಾತು ಆಡಬಾರದು. ಯಾವ ಮನೇಲಾದ್ರೂ ‘ಹೋಯ್ತೀನಿ’ ಅನ್ನಬಾರ್ದು, ‘ಬತ್ತೀನಿ’ ಅನ್ಬೇಕು. ಅಲ್ಲಿ ತಿರುಗಾಮುರುಗ. ‘ಹೋಯ್ತೀವಿ’ ಅನ್ಬುಟ್ಟು ಬಂದ್ಬುಡಬೇಕು. ‘ಬತ್ತೀನಿ’ ಅಂದ್ರೆ ಅವ್ವ ನಂಬ್ಕೊಂಡ್ಬುಡ್ತಾಳೆ” ಅಂದಿದ್ದಳು ಕೆಂಚಮ್ಮ.

“ನಂಬ್ಕೊಂಡ್ರೆ ಏನಾಯ್ತದೆ?” ಎಂದು ನಾನು ಕೇಳಿದ್ದೆ.

“ಕಾಯ್ತಾಳೆ. ಬರ್ನಿಲ್ಲ ಅಂದ್ರೆ ಕರೀತಾಳೆ.”

ಮನೆಯಲ್ಲಿ ಬಾಯಿಬಿಟ್ಟರೆ ಬೈಸಿಕೊಳ್ಳುವ ಮಾತನ್ನು ಅಲ್ಲಿ ಕೂಗಿ ಹೇಳಬೇಕಾಗಿದ್ದುದು ನನಗೆ ಬಲು ಖುಷಿಯ ಆಟವಾಗಿತ್ತು. ಹರಿಗೋಲು ಹತ್ತಿ ಎಲ್ಲರಿಗಿಂತ ಮೊದಲು “ಹೋಯ್ತೀವಿ” ಎಂದು ಅರಚುತ್ತಿದ್ದೆ. ಈಗಿನವರಿಗೆ ಇದೆಲ್ಲ ಗೊತ್ತಿಲ್ಲ. ಯಾರೋ ಮೋಟಾರು ದೋಣಿ ಇಟ್ಟಿದ್ದಾರಂತೆ. ಜನ ಭಾನುವಾರ ಬಂದು ಕಲ್ಲಿನ ಕೈಗೆ ತಮ್ಮ ಕೈ ಸೇರಿಸಿ ಫೋಟೋ ತೆಗೆದುಕೊಂಡು, ಹೋಗುವಾಗ ಬಾಯ್ ಬಾಯ್ ಎಂದು ಕಿರುಚುತ್ತಾರಂತೆ. ಅವರ ಆ ಮಾತಿಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬಹುಶಃ ಅದೇ ಅವರನ್ನು ಕಾಪಾಡಿದೆ.

೧೯೬೬ರ ಬೇಸಿಗೆಯಲ್ಲಿ ಹೋದಾಗ ಕೆಂಚಮ್ಮ ಬಹಳ ಗೆಲುವಾಗಿದ್ದಳು. ತಮ್ಮ ಚೆಲುವಯ್ಯ ಸಾತನೂರಿನಲ್ಲಿ ಹೊಸ ಮನೆ ಕಟ್ಟಿದ್ದ, ಹಿಪ್ಪುನೇರಳೆ ಹಾಕಿದ್ದ, ಎರಡು ಹಸು ತಂದಿದ್ದ. ಅಕ್ಕನನ್ನು ಬಂದು ಇರು ಎಂದು ಕರೆದಿದ್ದ. ಅವಳ ತಗಡಿನ ಟ್ರಂಕು ಆಗಲೇ ಹಗ್ಗ ಬಿಗಿದು ಗುಡಿಸಲ ಬಾಗಿಲಲ್ಲಿ ಕೂತಿತ್ತು.

“ನಿಮ್ಮುನ್ನ ದಾಟಿಸಿ, ಮೂರು ದಿನ ಬುಟ್ಟು ವಾಪಸ್ ತಂದ್ಬುಟ್ರೆ ನನ್ ಕೆಲ್ಸ ಮುಗೀತು ಬೀಬಮ್ಮ. ಇನ್ನು ಹೊಳೆ ಮಕ ನೋಡಾಕಿಲ್ಲ. ಒಸಿ ನೆಲದ ಮ್ಯಾಲೆ ಮಲಗ್ತೀನಿ, ಅಲ್ಲಾಡ್ದಂಗೆ” ಎಂದು ಅಮ್ಮಿಗೆ ಹೇಳಿದಳು. ಅಮ್ಮಿ ಅವಳಿಗೊಂದು ಹೊಸ ರವಿಕೆ ಬಟ್ಟೆ ಕೊಟ್ಟಳು.

ಮೂರನೆಯ ದಿನ ಮಟಮಟ ಮಧ್ಯಾಹ್ನ. ಅಬ್ಬಾ ಮರದ ನೆರಳಲ್ಲಿ, ಅಮ್ಮಿ ಪಾತ್ರೆಗಳ ಪಕ್ಕದಲ್ಲಿ, ಇಬ್ಬರೂ ನಿದ್ದೆ ಹೋಗಿದ್ದರು. ಹಕ್ಕಿಗಳು ಬಾಯಿ ಕಟ್ಟಿಕೊಂಡಿದ್ದವು. ನನಗೆ ಬಳೆಯ ಸದ್ದು ಕೇಳಿಸಿತು. ಝಲ್ ಎಂದು ಒಮ್ಮೆ, ಸ್ವಲ್ಪ ಬಿಟ್ಟು ಮತ್ತೊಮ್ಮೆ, ಕುಟ್ಟುವವರ ಕೈಯಲ್ಲಿ ಬರುವಂತೆ. ಅಮ್ಮಿಯ ಕೈ ನೋಡಿದೆ. ಅವಳ ಕೈ ಹೊಟ್ಟೆಯ ಮೇಲೆ ಅಲ್ಲಾಡದೆ ಬಿದ್ದಿತ್ತು.

ನನಗೆ ಭಯವಾಗಲಿಲ್ಲ ಎಂಬುದೇ ಈಗ ನೆನೆದರೆ ಭಯವಾಗುವ ಸಂಗತಿ. ಯಾರೋ ಆಟಕ್ಕೆ ಕರೆದ ಹಾಗಿತ್ತು. ಮೆಟ್ಟಿಲು ಹತ್ತಿ ಹೋದೆ. ಯಾರೂ ಇರಲಿಲ್ಲ, ಸದ್ದು ನಿಂತಿತ್ತು. ಒರಳಿನ ಗುಂಡಿ ಎಂದಿನಂತೆ ಚೊಕ್ಕಟವಾಗಿತ್ತು. ಕೂತು ಒಂದು ಕಲ್ಲು ತೆಗೆದುಕೊಂಡು ನಾನೂ ಕುಟ್ಟುವ ಆಟ ಆಡಿದೆ. ಅಬ್ಬಾ ಮಾಡಿಕೊಟ್ಟ ಕೆಂಪು ಅರಗಿನ ಮರದ ಬಳೆ ಕೈಯಲ್ಲಿ ಜಾರುತ್ತಿತ್ತು. ತೆಗೆದು ಗುಂಡಿಯೊಳಗೆ ಇಟ್ಟೆ. ಅಷ್ಟರಲ್ಲಿ ಕೆಳಗಿನಿಂದ ಕೆಂಚಮ್ಮನ ಕೂಗು ಬಂತು. ಓಡಿದೆ.

ಹರಿಗೋಲು ಹತ್ತಿದೆವು. ಎಲ್ಲರೂ “ಹೋಯ್ತೀವಿ” ಅಂದೆವು. ದಡ ಬಿಟ್ಟು ಒಂದೆರಡು ಮಾರು ಬಂದ ಮೇಲೆ ನನ್ನ ಕೈ ಬರಿದಾಗಿರುವುದು ನೆನಪಾಯಿತು. ಬಳೆ ಎಂದು ಅಳತೊಡಗಿದೆ. ಅಬ್ಬಾ ಬೇರೆ ಮಾಡಿಕೊಡುತ್ತೇನೆ, ಸುಮ್ಮನಿರು, ಅಂದರು. ನಾನು ಕಲ್ಲಿನ ಕೈಯ ಕಡೆ ತಿರುಗಿ, ಅದು ನನ್ನ ಬಳೆಯನ್ನು ಜೋಪಾನ ಮಾಡಲಿ ಎಂದು, ಮನೆಯಲ್ಲಿ ಅಮ್ಮಿ ಕಲಿಸಿದ ಮಾತು ಹೇಳಿದೆ. ನಮ್ಮ ಉರ್ದುವಿನಲ್ಲೂ ಹೊರಡುವಾಗ ಹೋಗುತ್ತೇನೆ ಅನ್ನುವಂತಿಲ್ಲ, ಬರುತ್ತೇನೆ ಅನ್ನಬೇಕು. ‘ಜಾತೂಂ ನಕ್ಕೋ ಬೋಲ್, ಆತೂಂ ಬೋಲ್’ ಎಂದು ತಲೆ ಮೇಲೆ ಮೊಟಕಿಯೇ ಕಲಿಸುತ್ತಾರೆ.

“ಆತೂಂ” ಅಂದೆ.

ಏಪ್ರಿಲ್ ತಿಂಗಳ ಹೊಳೆ ಅದು. ಎಮ್ಮೆ ಮಲಗಿದರೆ ಮುಳುಗದಷ್ಟು ನೀರು, ಸೆಳೆತವಿಲ್ಲ. ಹರಿಗೋಲು ನಿಂತಿತು. ಆಮೇಲೆ ಮೆಲ್ಲಗೆ ತಿರುಗತೊಡಗಿತು. ಕೆಂಚಮ್ಮ ಹುಟ್ಟು ಹಾಕಿದಳು, ಎಡಕ್ಕೆ ಹಾಕಿದಳು, ಬಲಕ್ಕೆ ಹಾಕಿದಳು. ಹರಿಗೋಲು ಅಬ್ಬಾನ ಚಕ್ರದ ಮೇಲಿನ ಬುಗುರಿಯ ಹಾಗೆ ಇದ್ದಲ್ಲೇ ತಿರುಗಿತು. ಪ್ರತಿ ಸುತ್ತಿಗೂ ಆ ಕೈ ನಮ್ಮೆದುರು ಬಂದು ಹೋಗುತ್ತಿತ್ತು. ಅಮ್ಮಿ ಕಣ್ಣು ಮುಚ್ಚಿ ಕಲ್ಮಾ ಹೇಳತೊಡಗಿದಳು.

ಕೆಂಚಮ್ಮ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. “ಯಾರು ಮಾತು ಕೊಟ್ಟೋರು?”

“ಯಾರೂ ಇಲ್ಲ ಕೆಂಚಮ್ಮ” ಅಂದರು ಅಬ್ಬಾ.

“ಕೂಸು ಏನೋ ಅಂತಲ್ಲ, ಸಾಬ್ರೇ?”

ಅಬ್ಬಾ ನನ್ನನ್ನು ನೋಡಿದರು. “ಸಲಾಮ್ ಅಂದ್ಳು, ಅಷ್ಟೆ” ಅಂದರು.

ಕೆಂಚಮ್ಮ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹರಿಗೋಲಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಅವಳು ನಿಂತಳು. ತಿಟ್ಟಿನ ಕಡೆ ತಿರುಗಿ, ಎದುರು ಮನೆಯವರಿಗೆ ಹೇಳುವಷ್ಟೇ ಗಟ್ಟಿಯಾಗಿ ಹೇಳಿದಳು.

“ಅವ್ವಾ, ಇವ್ರು ಹೋಯ್ತಾರೆ. ನಾನು ಬತ್ತೀನಿ. ಆಯ್ತಾ? ನಾನು ಬತ್ತೀನಿ.”

ಹರಿಗೋಲು ತಿರುಗುವುದು ನಿಂತಿತು. ಅವಳು ಕೂತು ಮತ್ತೆ ಹುಟ್ಟು ಹಾಕಿದಳು. ಇಳಿದ ಮೇಲೆ ಕೆಂಚಮ್ಮ ನನ್ನ ತಲೆ ಸವರಿ, ಅಬ್ಬಾನಿಗೆ ಹೇಳಿದಳು. “ಸಾಬ್ರೇ, ಇನ್ಮೇಕೆ ಈ ಮಗೀನ ಈ ಕಡೀಕೆ ಕರ್ಕೊಂಡ್ ಬರಬ್ಯಾಡಿ.” ಗಾಡಿ ಹೊರಟಾಗ ತಿರುಗಿ ನೋಡಿದೆ. ಅವಳು ಬಾಗಿಲಲ್ಲಿದ್ದ ಟ್ರಂಕನ್ನು ಎಳೆದು ಒಳಗೆ ಒಯ್ಯುತ್ತಿದ್ದಳು.

ಆಮೇಲೆ ನಾವು ಎಲ್ಲಿಗೂ ರಜೆಗೆ ಹೋಗಲಿಲ್ಲ. ನಾನು ಕೇಳಿ ಕೇಳಿ ಪ್ರಾಣ ತಿಂದಾಗ ಅಬ್ಬಾ, ತಿಟ್ಟು ಪ್ರವಾಹಕ್ಕೆ ಕೊಚ್ಚಿ ಹೋಯಿತಂತೆ ಅಂದರು. ಇದನ್ನು ಸೇರಿಸಿದರೆ ಸುಳ್ಳು ಎರಡಾಗುತ್ತದೆ, ಇರಲಿ. ಎದೆಯ ಕೆಮ್ಮು ಹೆಚ್ಚಾಗುತ್ತ ಹೋಯಿತು. ಸಾವಿರಾರು ಬಳೆ ಮಾಡಿದರು, ನನಗೆ ಕೆಂಪು ಬಳೆ ಮಾತ್ರ ಮತ್ತೆ ಮಾಡಿಕೊಡಲಿಲ್ಲ. ನಾನು ಓದಿದೆ, ಮೇಡಂ ಆದೆ, ಮದುವೆಯಾದೆ. ಅಂಕಮ್ಮನ ಕತೆ ಮರೆತೆ ಎಂದೇ ಹೇಳಬೇಕು. ಎಲ್ಲಿಗೆ ಹೊರಟರೂ, ಯಾರಿಗೆ ಬೇಕಾದರೂ, ಆತೂಂ ಎಂದು ಸಲೀಸಾಗಿ ಹೇಳಿಕೊಂಡು ಓಡಾಡಿದೆ.

೧೯೯೭ರ ಜನವರಿಯಲ್ಲಿ ಅಬ್ಬಾ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು ನಡೆದದ್ದನ್ನೆಲ್ಲ ಹೇಳಿದರು. ಆ ಮಾತಿನ ಅರ್ಥ ಹೇಳಿದರೆ ಹರಿಗೋಲು ತಿರುಗಿ ತಿಟ್ಟಿಗೇ ಹೋಗಿ, ನನ್ನನ್ನು ಅಲ್ಲಿ ಇಳಿಸಬೇಕಾಗುತ್ತದೇನೋ ಎಂದು ಹೆದರಿದರಂತೆ. “ಅವಳು ಸಾತನೂರಿಗೆ ಹೋದಳೋ ಇಲ್ಲವೋ, ನಾನು ಕೇಳಲೂ ಇಲ್ಲ ಬೇಟಿ” ಅಂದರು. ನನಗೆ ಕೋಪ ಬಂತು. ಸಾಯುವವರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ, ಆದರೂ ಬಂತು. ಅವರು ತೀರಿಕೊಂಡು ನಲವತ್ತನೇ ದಿನದ ಕಾರ್ಯ ಮುಗಿದ ಮಾರನೆಯ ದಿನವೇ ಸಾತನೂರಿನ ಬಸ್ಸು ಹತ್ತಿದೆ.

ಚೆಲುವಯ್ಯನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಾಲಿನ ಕ್ಯಾನು ತೊಳೆಯುತ್ತಿದ್ದ. ಕೆಂಚಮ್ಮ ಇದ್ದಾಳಾ ಎಂದೆ.

“ಇಲ್ಲಿ ಎಲ್ಲವ್ಳೆ ಅಮ್ಮ? ಮೂವತ್ತೊಂದು ವರ್ಸ ಆಯ್ತು. ಅವ್ಳಿಗೆ ಅಂತ ಕಟ್ಟಿಸಿದ ರೂಮು ಈಗ ಬೂಸಾ ತುಂಬೈತೆ. ಹೊಳೆದೊಡ್ಡಿ ಜನವೆಲ್ಲ ಮನೆ ಬುಟ್ಟು ರೋಡಿನ ಪಕ್ಕಕ್ಕೆ ಬಂದ್ರೂ ಅವ್ಳು ಬರ್ನಿಲ್ಲ. ಒಂದ್ಸಾರಿ ಹೊಳೆ ತುಂಬಿದ್ದಾಗ ಅದ್ಯಾವ ತಿಟ್ಟಿಗೋ ಹೋಗಿ ಹರಿಗೋಲು ಮಗುಚಿ ಕಾಲು ಮುರ್ಕೊಂಡ್ಳು. ಆಗ್ಲೂ ಬರ್ನಿಲ್ಲ. ಕೇಳಿದ್ರೆ, ಯಾರಿಗೋ ಜಾಮೀನು ನಿಂತಿವ್ನಿ ಕಣ್ಲಾ ಅಂತಾಳೆ. ಯಾರಿಗೆ ಅಂದ್ರೆ ಬಾಯಿ ಬುಡಾಕಿಲ್ಲ.” ಕ್ಯಾನನ್ನು ದೊಪ್ಪನೆ ನೆಲಕ್ಕೆ ಬಡಿದ. “ನಿಮಗೇನಾಗಬೇಕು?”

ಅವಳನ್ನು ನೋಡಬೇಕಿತ್ತು ಎಂದಷ್ಟೇ ಹೇಳಿ ಹೊರಟೆ.

ಹೊಳೆದೊಡ್ಡಿಯಲ್ಲಿ ಗೋಡೆಗಳು ಮಾತ್ರ ಇದ್ದವು, ಒಳಗೆ ಎಕ್ಕದ ಗಿಡ ಬೆಳೆದಿತ್ತು. ಕೊನೆಯ ಗುಡಿಸಲ ಮುಂದೆ ಒಬ್ಬ ಮುದುಕಿ ಹರಿಗೋಲಿನ ತಳಕ್ಕೆ ಟಾರು ಬಳಿಯುತ್ತಿದ್ದಳು. ಎಡಗಾಲು ಸೊಟ್ಟಗಿತ್ತು. ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹೆಸರು ಹೇಳುವ ಮೊದಲೇ ಅವಳು ಕೇಳಿದ್ದು, “ನಿಮ್ಮಪ್ಪ ಹೋದ್ರಾ?”

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. “ಕೆಂಚಕ್ಕಾ, ಅವತ್ತು ನಾನು ಅಂದದ್ದು ಸಲಾಮ್ ಅಲ್ಲ. ಆತೂಂ ಅಂದೆ. ಹಂಗಂದ್ರೆ ಬತ್ತೀನಿ ಅಂತ.”

“ಗೊತ್ತಿತ್ತು ಕಣವ್ವ” ಅಂದಳು, ಕೈಯ ಟಾರು ಒರೆಸುತ್ತ. “ಸಾತನೂರು ಸಂತೇಲಿ ಮೀನು ಮಾರ್ತಿರ್ನಿಲ್ವಾ ನಾನು? ನಿಮ್ಮೋರು ಎಷ್ಟು ಜನ ಆತೂಂ ಅಮ್ಮಾ ಅಂದ್ಕೊಂಡು ಹೋಗವ್ರೆ. ನಿಮ್ಮಪ್ಪ ಸಲಾಮ್ ಅಂದಾಗ್ಲೇ ಅರ್ಥ ಆಯ್ತು.”

“ಮತ್ತೆ ಯಾಕೆ ಸುಮ್ಕಾದೆ?”

“ನೀರಿನ ಮ್ಯಾಲೆ ನಿನ್ ಹೆಸ್ರು ಎತ್ತಬೇಕಾಗಿತ್ತಲ್ಲ. ಹೆಸ್ರು ಎತ್ತುದ್ರೆ ನಿನ್ನ ಕೈಯ್ಯಾರ ಒಪ್ಪಿಸ್ದಂಗೆ. ದೊಡ್ಡೋರ್ಯಾರಾದ್ರೂ ಅಂದಿದ್ರೆ, ಅನುಭವಿಸಿ ಅಂತ ಬುಟ್ಬುಡ್ತಿದ್ದೆ. ಎಂಟು ವರ್ಸದ ಕೂಸು.”

ನನಗೆ ಅಳು ತಡೆಯಲಾಗಲಿಲ್ಲ. ಅವಳು ಅತ್ತು ಮುಗಿಯಲಿ ಎಂದು ಎಲೆ ಅಡಿಕೆ ಹಾಕಿಕೊಂಡು ಕಾದಳು. ಆಮೇಲೆ ತಾನೇ ಹೇಳಿದಳು. ಮಧ್ಯಾಹ್ನ ಬಳೆ ಸದ್ದು ಕೇಳಿದರೆ ಹರಿಗೋಲು ಇಳಿಸಿ ಹೋಗುತ್ತಿದ್ದಳಂತೆ. ಬಿಸಿಲಾದರೂ ಸರಿ, ತುಂಬು ಹೊಳೆಯಾದರೂ ಸರಿ. ಒಂದು ಹಿಡಿ ರಾಗಿ ಒರಳಿಗೆ ಹಾಕಿ, ಒಂದಿಷ್ಟು ಕುಟ್ಟಿ, ಕೂತಿದ್ದು ಬರುತ್ತಿದ್ದಳಂತೆ. ಮುಂದಿನ ಸಲ ಹೋದಾಗ ಒರಳು ಒರೆಸಿದ ಹಾಗಿರುತ್ತಿತ್ತಂತೆ.

“ನಿನ್ ಬಳೆ ಅಲ್ಲೇ ಐತೆ. ನಾನು ಮುಟ್ಟಿಲ್ಲ, ಕುಟ್ಟೋವಾಗ್ಲೂ ಕಲ್ಲು ತಾಗಿಸ್ನಿಲ್ಲ, ನಂದಲ್ವಲ್ಲ. ಬುಟ್ಟೋರೇ ಬಂದು ತಗಂಡ್ರೆ ಮಾತು ತೀರ್ತದೆ. ನಿಂಗೆ ಹೇಳಿ ಕಳಿಸ್ಬೋದಿತ್ತು. ಬಂದೋಳ್ನ ಅವ್ಳು ಬುಡ್ನಿಲ್ಲ ಅಂದ್ರೆ ಏನ್ಮಾಡ್ಲಿ ಅಂತ ಸುಮ್ಕಿದ್ದೆ.”

“ಈಗ ಹೋಗಾಣ ನಡಿ” ಅಂದೆ.

ಬೇಡ ಅಂದಳು. ಎರಡು ಸಲ ಅಂದಳು. ನಾನು ಹುಟ್ಟು ಎತ್ತಿಕೊಂಡು ನೀರಿಗಿಳಿದ ಮೇಲೆ ಕುಂಟುತ್ತ ಹಿಂದೆ ಬಂದಳು.

ಹೊತ್ತು ನೆತ್ತಿಗೆ ಬಂದಿತ್ತು. ತಿಟ್ಟು ಹಾಗೇ ಇತ್ತು. ನೀರುನಾಯಿಗಳು ನಮ್ಮನ್ನು ಕಂಡು ದುಡುಮ್ಮನೆ ನೀರಿಗೆ ಬಿದ್ದವು. ಕೆಂಚಮ್ಮ ಹರಿಗೋಲಿನ ಹತ್ತಿರ ನಿಂತಳು, ನಾನೊಬ್ಬಳೇ ಮೆಟ್ಟಿಲು ಹತ್ತಿದೆ. ಅರ್ಧ ಹತ್ತಿದ್ದೆ, ಬಳೆಯ ಸದ್ದು ಶುರುವಾಯಿತು. ಝಲ್, ಸ್ವಲ್ಪ ಬಿಟ್ಟು ಮತ್ತೆ ಝಲ್. ಈ ಸಲ ನನಗೆ ಭಯವಾಯಿತು. ಓಡಿ ಹೋಗುವುದಕ್ಕಾಗಿ ತಿರುಗಿಯೂ ಬಿಟ್ಟಿದ್ದೆ. ಕೆಳಗೆ ಆ ಸೊಟ್ಟ ಕಾಲು ಕಣ್ಣಿಗೆ ಬಿತ್ತು. ಮತ್ತೆ ಹತ್ತಿದೆ.

ಒರಳಿನ ಗುಂಡಿಯಲ್ಲಿ ಕೆಂಪು ಬಳೆ ಇತ್ತು. ಮೂವತ್ತೊಂದು ವರ್ಷದ ಮಳೆ ಬಿಸಿಲಿಗೆ ಮರ ಸೀಳಬೇಕಿತ್ತು, ಅರಗು ಉದುರಬೇಕಿತ್ತು. ನಿನ್ನೆ ಬಣ್ಣ ಒತ್ತಿದ ಹಾಗೆ ಹೊಳೆಯುತ್ತಿತ್ತು. ಬಗ್ಗಿ ತೆಗೆದುಕೊಂಡೆ. ಬಂಡೆ ಹುಣಸೆಯ ನೆರಳಲ್ಲಿ ತಣ್ಣಗಿತ್ತು. ಬಳೆ ಬೆಚ್ಚಗಿತ್ತು, ಯಾರೋ ಕೈಯಿಂದ ಬಿಚ್ಚಿ ಇಟ್ಟ ಹಾಗೆ. ಸದ್ದು ನಿಂತಿತು. ನಾನು ಆ ಕಲ್ಲಿನ ಕೈಯನ್ನು ನೋಡುತ್ತ, ಬೆನ್ನು ತಿರುಗಿಸದೆ ಒಂದೊಂದೇ ಮೆಟ್ಟಿಲು ಇಳಿದೆ.

ಹರಿಗೋಲು ಹತ್ತಿದ ಮೇಲೆ ಕೆಂಚಮ್ಮ ತಿಟ್ಟಿನ ಕಡೆ ತಿರುಗಿದಳು. ಆಮೇಲೆ, “ಹೋಯ್ತೀವಿ ಕಣವ್ವಾ” ಅಂದಳು. ಸ್ವಲ್ಪ ತಡೆದು, “ನಾನೂ” ಎಂದು ಸೇರಿಸಿದಳು.

ಹರಿಗೋಲು ತಿರುಗಲಿಲ್ಲ. ನೆಟ್ಟಗೆ ದಡಕ್ಕೆ ಬಂತು. ಅದೇ ವಾರ ಚೆಲುವಯ್ಯ ಗಾಡಿ ತಂದು ಅವಳ ಟ್ರಂಕನ್ನು ಏರಿಸಿದ. ಒಳಗೆ ಅಮ್ಮಿ ಕೊಟ್ಟ ರವಿಕೆ ಬಟ್ಟೆ ಹೊಲಿಸದೆ ಹಾಗೇ ಇತ್ತು.

ಸಾತನೂರಿನಲ್ಲಿ ಕೆಂಚಮ್ಮ ಹನ್ನೊಂದು ತಿಂಗಳು ಬದುಕಿದಳು. ತಿಂಗಳಿಗೊಮ್ಮೆ ಹೋಗಿ ನೋಡುತ್ತಿದ್ದೆ. ಸುಖವಾಗಿದ್ದಳು ಎಂದು ಬರೆದುಬಿಡಬಹುದು, ಆದರೆ ಅದೂ ಒಂದು ಸುಳ್ಳಾಗುತ್ತದೆ. ನೆಲ ಅಲ್ಲಾಡುವುದಿಲ್ಲ, ನಿದ್ದೆ ಬರುವುದಿಲ್ಲ ಎಂದು ದೂರುತ್ತಿದ್ದಳು. ಹಸುಗಳನ್ನು ಮಾತ್ರ ಬಹಳ ಹಚ್ಚಿಕೊಂಡಿದ್ದಳು. ನಾನು ಹೊರಟು ಬಾಗಿಲಲ್ಲಿ ನಿಂತು “ಬತ್ತೀನಿ ಕೆಂಚಕ್ಕ” ಅಂದರೆ, ಎಲೆ ಅಡಿಕೆಯ ಕೆಂಪು ಬಾಯಿ ತುಂಬ ನಗುತ್ತಿದ್ದಳು. “ಊಂ, ಬಾ. ಇಲ್ಲಿ ಧಾರಾಳ ಹೇಳ್ಬೋದು” ಅನ್ನುತ್ತಿದ್ದಳು.

ಮಾರನೆಯ ವರ್ಷ ಶಿವರಾತ್ರಿಗೆ ಮೊದಲು ತೀರಿಕೊಂಡಳು. ಸುದ್ದಿ ತಿಳಿದು ಮಣ್ಣಿಗೆ ಹೋದೆ. ಹೊಲದ ಬದುವಿನಲ್ಲಿ ಗುಣಿ ತೋಡಿದ್ದರು. ಎಲ್ಲರೂ ಮಣ್ಣು ಹಾಕಿದರು, ನಾನೂ ಹಾಕಿದೆ. ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ಮಾತಾಡದೆ ನಡೆದರು. ಸಾವಿನ ಮನೆಯಲ್ಲಿ, ಮಣ್ಣಿನ ಮುಂದೆ, ಹೋಗುತ್ತೇನೆ ಎನ್ನುವುದೂ ಇಲ್ಲ, ಬರುತ್ತೇನೆ ಎನ್ನುವುದಂತೂ ಇಲ್ಲವೇ ಇಲ್ಲ. ತಿರುಗಿ ನೋಡದೆ ಹೋಗಬೇಕು. ಇದು ಅವರಿಗೂ ಗೊತ್ತು, ನಮಗೂ ಗೊತ್ತು, ನನಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಚೆಲುವಯ್ಯ ಒಂದಿಷ್ಟು ದೂರ ಹೋಗಿ ನನಗಾಗಿ ನಿಂತ. ನಾನು ಕೆಂಪು ಬಳೆಯನ್ನು ಚೀಲದಿಂದ ತೆಗೆದು, ಹಸಿ ಮಣ್ಣಿನ ಮೇಲೆ ಅವಳ ಕೈ ಇದ್ದಿರಬಹುದಾದ ಕಡೆ ಇಟ್ಟೆ. ಈ ಸಲ ನಾನು ಎಂಟು ವರ್ಷದ ಕೂಸಾಗಿರಲಿಲ್ಲ, ಬಾಯಿ ತಪ್ಪಿ ಬಂದ ಮಾತೂ ಅಲ್ಲ.

“ಆತೂಂ” ಅಂದೆ.

ಚೆಲುವಯ್ಯ ಏನಂದಿರಿ ಎಂದು ಕೇಳಿದ.

“ಬತ್ತೀನಿ ಅಂದೆ” ಎಂದು ಹೇಳಿ, ಅವನ ಹಿಂದೆ ನಡೆದೆ.